ಕೆಟ್ಟಿರುವುದು ಬೋರ್ಡೋ, ಪ್ರೊಸೆಸರೋ?

ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ ಎಂದರೆ ಅನುಮಾನ ಹೋಗುವುದು ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಮೇಲೆ. ಎರಡರಲ್ಲಿ ಕೆಟ್ಟಿರುವುದು ಯಾವುದೆಂದು ಖಚಿತವಾಗಿ ತಿಳಿಯಲು, ಸರಿಯಾಗಿ ಕೆಲಸ ಮಾಡುವ ಇನ್ನೊಂದನ್ನು ಹಾಕಿ ನೋಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದು ಸುಲಭ. ಅಡಿಕೆ ವ್ಯಾಪಾರಕ್ಕೆ ಹೆಸರಾದ, ಚಿತ್ರದುರ್ಗದ ಹತ್ತಿರದ ಭೀಮಸಮುದ್ರದಂಥ ಊರಿನಲ್ಲಿ ಅದೇ ಸಾಕೆಟ್ಟಿನ ಇನ್ನೊಂದು ಬೋರ್ಡ್ ಹುಡುಕುವುದು ಕಷ್ಟ. ಆದ್ದರಿಂದ ಕೊರಿಯರ್‌ನಲ್ಲಿ ವಾಪಸ್ ಕಳಿಸುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿಗೆ ಬೆಲೆ ಹೆಚ್ಚು.

ಮೊದಲು ಸುಳ್ಳು ದೋಷಗಳನ್ನು ಕಳೆಯಬೇಕು. ಬೋರ್ಡಿಗೆ 24 ಪಿನ್ನಿನ ಕೇಬಲ್ ಸಿಕ್ಕಿಸಿ, ಪ್ರೊಸೆಸರ್ ಪಕ್ಕದ 8 ಪಿನ್ನಿನ ಕೇಬಲ್ ಮರೆಯುವವರು ಬಹಳ. ಫ್ಯಾನ್ ಆಗಲೂ ತಿರುಗುತ್ತದೆ, ಪ್ರೊಸೆಸರಿಗೆ ಮಾತ್ರ ವಿದ್ಯುತ್ ಮುಟ್ಟುವುದಿಲ್ಲ. ಇಂಟೆಲ್ 12400ಎಫ್‌ನಂತೆ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಮಾನಿಟರ್ ಕೇಬಲನ್ನು ಬೋರ್ಡಿಗೆ ಸಿಕ್ಕಿಸಿದರೆ ಚಿತ್ರ ಬರುವ ಮಾತೇ ಇಲ್ಲ. ಡಿಡಿಆರ್5 ರ‍್ಯಾಮ್ ಹಾಕಿದ ಯಂತ್ರ ಮೊದಲ ಸಲ ಹಲವು ನಿಮಿಷ ಸುಮ್ಮನಿರಬಹುದು. ಅದು ಮೆಮೊರಿಯನ್ನು ಹೊಂದಿಸಿಕೊಳ್ಳುವ ಸಮಯ, ಅವಸರಪಟ್ಟು ಸ್ವಿಚ್ ಆರಿಸಬಾರದು.

ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶವಾದ ಬಯೋಸ್ ಇನ್ನೊಂದು ಮೋಸಗಾರ. 2018ರಲ್ಲಿ ಬಂದ ಬಿ450 ಬೋರ್ಡುಗಳಿಗೆ 2020ರ ಕೊನೆಯಲ್ಲಿ ಬಂದ ರೈಜೆನ್ 5000 ಸರಣಿಯ ಪ್ರೊಸೆಸರ್ ಹೊಂದುತ್ತದೆ, ಆದರೆ ಹೊಸ ಬಯೋಸ್ ಹಾಕಿದ ಮೇಲೆ. ಅಂಗಡಿಯಲ್ಲಿ ಕೂತಿದ್ದ ಹಳೆಯ ದಾಸ್ತಾನಿನ ಬೋರ್ಡಾದರೆ ಎರಡೂ ಸರಿಯಿದ್ದೂ ಯಂತ್ರ ಏಳುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಬದಲಿಸುವ ಗುಂಡಿ ಇರುತ್ತದೆ.

ಇದೆಲ್ಲ ಸರಿಯಿದ್ದರೆ, ಪ್ಲಗ್ ತೆಗೆದು, ಬೋರ್ಡನ್ನು ಕ್ಯಾಬಿನೆಟ್‌ನಿಂದ ಬಿಚ್ಚಿ ಅದರ ರಟ್ಟಿನ ಡಬ್ಬಿಯ ಮೇಲಿಡಬೇಕು. ತಪ್ಪು ಜಾಗದಲ್ಲಿ ಕೂತ ತಿರುಪು ಶಾರ್ಟ್ ಮಾಡುತ್ತಿದ್ದರೆ ಇಲ್ಲಿಗೇ ತೊಂದರೆ ಮುಗಿಯುತ್ತದೆ. ಪ್ರೊಸೆಸರ್, ಅದರ ಕೂಲರ್, ಒಂದೇ ರ‍್ಯಾಮ್, ಅಗತ್ಯವಿದ್ದರೆ ಗ್ರಾಫಿಕ್ಸ್ ಕಾರ್ಡ್, ಇಷ್ಟೇ ಇಟ್ಟು ಮತ್ತೆ ಚಾಲೂ ಮಾಡಿ ನೋಡಬೇಕು. ರ‍್ಯಾಮನ್ನು ಬೇರೆ ಬೇರೆ ಸ್ಲಾಟಿಗೆ ಬದಲಿಸಬೇಕು; ಒಂದೇ ಸ್ಲಾಟ್ ಸತ್ತಿದ್ದರೆ ಬೋರ್ಡ್ ಅಥವಾ ಸಾಕೆಟ್ಟಿನ ಪಿನ್ನುಗಳತ್ತ ಕೈ ತೋರಿಸಬಹುದು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ 12 ವೋಲ್ಟ್ ತಂತಿಯಲ್ಲಿ ಮಲ್ಟಿಮೀಟರ್ 11.4ರಿಂದ 12.6ರೊಳಗೆ ತೋರಿಸಬೇಕು. ಬೋರ್ಡಿನ ‘ಸಿಪಿಯು’ ದೀಪ ಹತ್ತಿಯೇ ಇದ್ದರೆ ಪ್ರೊಸೆಸರ್ ಸತ್ತಿದೆ ಎಂದಲ್ಲ. ಚಾಲೂ ಆಗುವಾಗ ಬೋರ್ಡ್ ತಾನೇ ಮಾಡುವ ಪರೀಕ್ಷೆ ಆ ಹಂತ ದಾಟಿಲ್ಲ ಎಂದಷ್ಟೇ. ಬೋರ್ಡಿನ ವಿದ್ಯುತ್ ಭಾಗ ಕೆಟ್ಟಿದ್ದರೂ ಅದೇ ದೀಪ ಹತ್ತುತ್ತದೆ.

ಕೊನೆಗೆ ಟಾರ್ಚ್ ಹಿಡಿದು ಸಾಕೆಟ್ ನೋಡಬೇಕು. ಎಲ್‌ಜಿಎ1700 ಸಾಕೆಟ್ಟಿನಲ್ಲಿ 1700 ಸಣ್ಣ ಪಿನ್ನುಗಳಿವೆ, ಒಂದು ಬಗ್ಗಿದರೂ ರ‍್ಯಾಮ್ ಸ್ಲಾಟ್ ಅಥವಾ ಇಡೀ ಯಂತ್ರ ನಿಲ್ಲಬಹುದು. ಎಎಂಡಿಯ ಹಳೆಯ ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ, ಆದ್ದರಿಂದ ಅಲ್ಲಿ ನೋಡಬೇಕು.

ಇಷ್ಟಾದರೂ ಯಂತ್ರ ಏಳದಿದ್ದರೆ ಮೊದಲು ಬದಲಿಸಬೇಕಾದದ್ದು ಬೋರ್ಡ್. ಹೊಸ ಪ್ರೊಸೆಸರ್ ಕೆಟ್ಟು ಬರುವುದು ಅಪರೂಪ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಹೆಚ್ಚಿನ ವೋಲ್ಟೇಜಿನಿಂದ ಹಾನಿಯಾದದ್ದು ನಿಜ. 2024ರಲ್ಲಿ ಕಂಪನಿ ಅದಕ್ಕೆ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಅವು ಕೂಡ ಸಾಮಾನ್ಯವಾಗಿ ಬಳಸುತ್ತಾ ಬಳಸುತ್ತಾ ಕೆಟ್ಟವು. ಬೋರ್ಡ್ ವಾಪಸ್ ಕಳಿಸುವಾಗ ಸಾಕೆಟ್ಟಿನ ಫೋಟೊ ತೆಗೆದು, ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕಳಿಸಬೇಕು: ಪಿನ್ ಬಗ್ಗಿದ ಬೋರ್ಡಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.