ಮೂಳೆ ಕೂಡಿದ ಮೇಲೆ ನಡಿಗೆ ಕಲಿಸುವವರಾರು?

ಅಡಿಕೆ ಮರದಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡ ಕೂಲಿಕಾರನಿಗೆ ಶಸ್ತ್ರಚಿಕಿತ್ಸೆ ದೊರೆಯುವುದು ಇಂದು ಹಿಂದಿನಷ್ಟು ದುಸ್ತರವಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಆದರೆ ಹೊಲಿಗೆ ಬಿಚ್ಚಿಸಿಕೊಂಡು ಮನೆ ಸೇರಿದ ಬಳಿಕವೇ ಆತನ ನಿಜವಾದ ಪರೀಕ್ಷೆ ಆರಂಭವಾಗುವುದು. ವೈದ್ಯರ ಚೀಟಿಯಲ್ಲಿ ‘ಫಿಸಿಯೋಥೆರಪಿ’ ಎಂದಿರುತ್ತದೆ. ಪೇಟೆಯ ಕ್ಲಿನಿಕ್ಕಿನಲ್ಲಿ ಕಾರ್ಡು ತೋರಿಸಿದರೆ ‘ಇದು ಇಲ್ಲಿ ನಡೆಯುವುದಿಲ್ಲ’ ಎಂಬ ಉತ್ತರ ಬರುತ್ತದೆ.

ಇದು ಕ್ಲಿನಿಕ್ಕಿನವರ ನಿರ್ದಯತೆಯಲ್ಲ. ಯೋಜನೆಯ ಸ್ವರೂಪವೇ ಅಂಥದು. ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಅದು ಒದಗುತ್ತದೆಯೇ ಹೊರತು, ಹೊರರೋಗಿಯಾಗಿ ಖಾಸಗಿ ಕ್ಲಿನಿಕ್ಕಿಗೆ ದಿನವೂ ಹೋಗಿಬರುವ ವೆಚ್ಚಕ್ಕಲ್ಲ.

ಸಾಮರ್ಥ್ಯ ಬೇರೆ, ಕ್ರಿಯೆ ಬೇರೆ ಎಂದು ಅರಿಸ್ಟಾಟಲ್ ವಿಂಗಡಿಸಿದ. ಕೂಡಿದ ಮೂಳೆಯಲ್ಲಿ ನಡೆಯುವ ಸಾಮರ್ಥ್ಯವಿದೆ. ಅದು ನಡಿಗೆಯಾಗಲು ಅಭ್ಯಾಸ ಬೇಕು. ಅಭ್ಯಾಸ ತಪ್ಪಿದರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಪಾರ್ಶ್ವವಾಯು ಪೀಡಿತರಿಗಂತೂ ಮೊದಲ ಕೆಲವು ತಿಂಗಳುಗಳು ಅಮೂಲ್ಯ.

ಹಾಗಾದರೆ ಮಾರ್ಗವೇನು? ಮೊದಲನೆಯದಾಗಿ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಅಲ್ಲಿನ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ರೋಗಿಯೊಡನೆ ಮನೆಯವರೂ ಕಲಿತು, ಕಾಗದದಲ್ಲಿ ಬರೆಯಿಸಿಕೊಳ್ಳಬೇಕು. ಎರಡನೆಯದಾಗಿ, ಮಂಗಳೂರಿನ ವೆನ್ಲಾಕ್‌ನಂತಹ ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಈ ಸೇವೆ ಯಾವ ದಿನ ಲಭ್ಯವೆಂದು ವಿಚಾರಿಸಿದರೆ ವೃಥಾ ಪ್ರಯಾಣ ತಪ್ಪುತ್ತದೆ. ಮೂರನೆಯದಾಗಿ, ಗೋಡಂಬಿ ಕಾರ್ಖಾನೆಯಂತಹ ಕಡೆ ದುಡಿಯುವವರು ತಮ್ಮ ಸಂಬಳದಿಂದ ಇ.ಎಸ್.ಐ. ವಂತಿಗೆ ಕಡಿತವಾಗುತ್ತಿದೆಯೇ ಎಂದು ನೋಡಲಿ. 1948ರ ಕಾಯಿದೆಯಂತೆ ರೂಪುಗೊಂಡ ಈ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರಿದೆ. ಅವಲಂಬಿತ ಕುಟುಂಬದವರಿಗೂ ವೈದ್ಯಕೀಯ ಸೌಲಭ್ಯವುಂಟು. ಆಯುಷ್ಮಾನ್ ಯೋಜನೆಯ ಕುರಿತು ಸಂದೇಹವಿದ್ದರೆ 14555ಕ್ಕೆ ಉಚಿತವಾಗಿ ದೂರವಾಣಿ ಮಾಡಬಹುದು.

ಹಣ ಕೊಟ್ಟೇ ಚಿಕಿತ್ಸೆ ಪಡೆಯಬೇಕಾಗಿ ಬಂದಲ್ಲಿ, ಚಿಕಿತ್ಸೆ ನೀಡುವವರು ಬಿ.ಪಿ.ಟಿ. ಪದವೀಧರರೇ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಎಣ್ಣೆ ತಿಕ್ಕುವವರೆಲ್ಲ ಫಿಸಿಯೋಥೆರಪಿಸ್ಟರಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಚಿಕಿತ್ಸೆ ಉಚಿತವಾದರೂ ದಾರಿ ಉಚಿತವಲ್ಲ. ಬಸ್ಸಿನ ಮೆಟ್ಟಿಲೇರಲಾರದವನು ರಿಕ್ಷಾ ಹಿಡಿಯಬೇಕು. ಜೊತೆಗೆ ಹೋಗುವ ಮಡದಿ ಅಂದಿನ ಕೂಲಿ ಕಳೆದುಕೊಳ್ಳಬೇಕು. ಎರಡು ವಾರಗಳಲ್ಲಿ ಹೋಗುವುದೇ ನಿಂತುಬಿಡುತ್ತದೆ. ವಾಳೆಯ ಗುರಿಕಾರರೂ ಸ್ವಸಹಾಯ ಸಂಘಗಳೂ ವಾರಕ್ಕೆ ಎರಡು ದಿನ ವಾಹನದ ಏರ್ಪಾಡು ಮಾಡಲಾರರೇ? ಒಂದೇ ದಾರಿಯ ಮೂವರು ರೋಗಿಗಳು ಒಂದೇ ರಿಕ್ಷಾದಲ್ಲಿ ಹೋಗಿಬರಬಹುದು.

ಶಸ್ತ್ರಚಿಕಿತ್ಸೆಗೆ ಲಕ್ಷಾಂತರ ರೂಪಾಯಿ ವ್ಯಯಿಸುವ ಸರಕಾರವು ಅನಂತರದ ನಡಿಗೆಯನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ದುಡಿಯುವವನಿಗೆ ಕಾಲು ಕೊಟ್ಟಂತಾಗುವುದು ಆತ ಮರಳಿ ದುಡಿಮೆಗೆ ನಡೆದು ಹೋದಾಗಲೇ.