ಹಳದಿ ಡಬ್ಬದ ಊರು

ಹೂಸ್ಟನ್ ಪಕ್ಕದ ಸ್ಟಾಫರ್ಡ್‌ನ ನಮ್ಮ ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಒಂದು ಹಳದಿ ತಗಡಿನ ಡಬ್ಬ ಸದಾ ಇರುತ್ತದೆ. ಊರಿಂದ ತಂದ ಕಾಫಿಪುಡಿ ಮುಗಿದು ಇನ್ನೊಬ್ಬರ ಸೂಟ್‌ಕೇಸ್ ಬರುವ ತನಕ ಸ್ಟೀಲ್ ಫಿಲ್ಟರಿಗೆ ಅದೇ ಗತಿ. ಅಮೆರಿಕಕ್ಕೆ ಹೊಸದಾಗಿ ಬಂದ ದಕ್ಷಿಣ ಭಾರತದವರಿಗೆ ಹಳಬರು ಹೇಳಿಕೊಡುವ ಗುಟ್ಟುಗಳಲ್ಲಿ ಇದೂ ಒಂದು: ಚಿಕೋರಿ ಬೆರೆತ ಪುಡಿ ಬೇಕಿದ್ದರೆ ‘ಕೆಫೆ ಡು ಮಾಂಡ್’ ಡಬ್ಬ ತಗೊಳ್ಳಿ. ನಮಗಿಂತ ಮೊದಲೇ ಈ ಗುಟ್ಟು ಕಂಡುಕೊಂಡವರು ವಿಯೆಟ್ನಾಮಿನವರು. 1975ರ ನಂತರ ನಿರಾಶ್ರಿತರಾಗಿ ಮೆಕ್ಸಿಕೊ ಕೊಲ್ಲಿಯ ಈ ಕರಾವಳಿಗೆ ಬಂದ ಅವರಿಗೂ ಫ್ರೆಂಚರು ಕಲಿಸಿಹೋದ ಕಾಫಿಯ ಚಟ ಇತ್ತು. ಹೂಸ್ಟನ್‌ನ ಬೆಲೇರ್ ರಸ್ತೆಯ ವಿಯೆಟ್ನಾಮಿ ಅಂಗಡಿಗಳಲ್ಲಿ ಈ ಡಬ್ಬ ಸಲೀಸಾಗಿ ಸಿಗುವುದು ಅದಕ್ಕೇ.

ಡಬ್ಬದ ಮೇಲೆ ಚಿತ್ರವಿರುವ, ನ್ಯೂ ಆರ್ಲಿಯನ್ಸ್‌ನ ಆ ಕಾಫಿ ಅಂಗಡಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗಿಂತ ಅಮ್ಮನಿಗೆ ಹೆಚ್ಚು. ಮೈಸೂರಿನಿಂದ ಬಂದು ನಮ್ಮೊಂದಿಗಿದ್ದ ಚಳಿಗಾಲದಲ್ಲಿ ಹೊರಟೇಬಿಟ್ಟೆವು.

ಹೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಸುಮಾರು 350 ಮೈಲಿ. ಐ-10 ಹೆದ್ದಾರಿ ಹಿಡಿದರೆ ತಿರುವೇ ಇಲ್ಲ. ಬೋಮಾಂಟ್ ದಾಟಿ ಲೂಸಿಯಾನಾ ಸೇರಿ, ಲಾಫಯೆಟ್ ಆದ ಮೇಲೆ ಅಚಾಫಲಾಯಾ ಜೌಗಿನ ಮೇಲೆ 18 ಮೈಲಿ ಉದ್ದದ ಸೇತುವೆ. ಕೆಳಗೆ ಕಪ್ಪು ನೀರಲ್ಲಿ ಸೊಂಟದವರೆಗೆ ಮುಳುಗಿ ನಿಂತ ಸೈಪ್ರೆಸ್ ಮರಗಳು. ನಿಜ ಹೇಳಬೇಕೆಂದರೆ ಫ್ರೆಂಚ್ ಮಾತು ಕೇಳುವ ಆಸೆಯಿದ್ದವರು ನ್ಯೂ ಆರ್ಲಿಯನ್ಸ್‌ಗೆ ಹೋಗದೆ ಈ ಲಾಫಯೆಟ್ ಸುತ್ತಮುತ್ತಲ ಹಳ್ಳಿಗಳಲ್ಲೇ ಇಳಿಯಬೇಕು. 1755ರಲ್ಲಿ ಬ್ರಿಟಿಷರು ಕೆನಡಾದ ಕಡಲತೀರದಿಂದ ಒಕ್ಕಲೆಬ್ಬಿಸಿದ ಅಕೇಡಿಯನ್ನರಲ್ಲಿ ಅನೇಕರು ಕಡೆಗೆ ಇಲ್ಲಿ ಬೇರುಬಿಟ್ಟರು; ‘ಕೇಜನ್’ ಎನ್ನುವುದು ಆ ಹೆಸರೇ ಸವೆದು ಉಳಿದ ರೂಪ. 1921ರಲ್ಲಿ ರಾಜ್ಯದ ಸಂವಿಧಾನವೇ ಶಾಲೆಯಲ್ಲಿ ಇಂಗ್ಲಿಷ್ ಒಂದೇ ಎಂದಿತು. ಆಟದ ಬಯಲಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಕಾನ್ವೆಂಟ್ ಮಕ್ಕಳು ನಮ್ಮಲ್ಲೂ ಇದ್ದಾರೆ, ಹೆಚ್ಚು ವಿವರಿಸಬೇಕಿಲ್ಲ. 1968ರಲ್ಲಿ ಸರ್ಕಾರ ಮನಸ್ಸು ಬದಲಿಸಿ ಫ್ರೆಂಚ್ ಉಳಿಸಲು ಮಂಡಳಿ ಮಾಡುವ ಹೊತ್ತಿಗೆ ಒಂದು ತಲೆಮಾರು ಮಕ್ಕಳೊಂದಿಗೆ ಆ ಭಾಷೆ ಆಡುವುದನ್ನೇ ಬಿಟ್ಟಿತ್ತು.

ನ್ಯೂ ಆರ್ಲಿಯನ್ಸ್ 1718ರಲ್ಲಿ ಫ್ರೆಂಚರು ಕಟ್ಟಿದ ಊರು. ಹಳೆಯ ಭಾಗಕ್ಕೆ ಇವತ್ತಿಗೂ ಫ್ರೆಂಚ್ ಕ್ವಾರ್ಟರ್ ಎಂದೇ ಹೆಸರು. ಆದರೆ ಎಲ್ಲರೂ ಕತ್ತೆತ್ತಿ ಫೋಟೊ ಹೊಡೆಯುವ ಆ ಬಾಲ್ಕನಿ, ಒಳಾಂಗಳಗಳ ಮಾದರಿ ಹೆಚ್ಚಾಗಿ ಸ್ಪೇನಿನವರದು. 1788 ಮತ್ತು 1794ರ ಬೆಂಕಿಯಲ್ಲಿ ಫ್ರೆಂಚರ ಮನೆಗಳು ಬಹುಪಾಲು ಸುಟ್ಟುಹೋದವು; ಆಗ ಆಳುತ್ತಿದ್ದವರು ಸ್ಪೇನಿನವರಾದ್ದರಿಂದ ಮತ್ತೆ ಎದ್ದ ಊರು ಅವರ ರೀತಿಯಲ್ಲಿ ಎದ್ದಿತು. 1803ರಲ್ಲಿ ನೆಪೋಲಿಯನ್, ಮತ್ತೆ ಫ್ರೆಂಚರ ಕೈಗೆ ಬಂದಿದ್ದ ಇಡೀ ಲೂಸಿಯಾನಾ ಪ್ರಾಂತ್ಯವನ್ನೇ ಒಂದೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದ. ಈಗ ಇಲ್ಲಿ ಫ್ರೆಂಚ್ ಉಳಿದಿರುವುದು ಬೀದಿಯ ಹಲಗೆಗಳಲ್ಲಿ. ಅದನ್ನೂ ಫ್ರಾನ್ಸಿನಲ್ಲಿ ‘ಶಾರ್ತ್ರ್’ ಎಂದರೆ ಇಲ್ಲಿ ‘ಚಾರ್ಟರ್ಸ್’ ಎನ್ನುತ್ತಾರೆ.

ಮತ್ತೆ ಬಾಯಿರುಚಿಯಲ್ಲಿ. ಸಸ್ಯಾಹಾರಿಗಳ ಪಾಡು ಇಲ್ಲಿ ಕಷ್ಟವೇ. ಸೋಮವಾರ ಬಟ್ಟೆ ಒಗೆಯುವ ದಿನ, ಒಲೆಯ ಮೇಲೆ ತನ್ನಷ್ಟಕ್ಕೆ ಬೇಯಲಿ ಎಂದು ಇಡುತ್ತಿದ್ದ ಕೆಂಪು ಕಾಳು-ಅನ್ನ ನಮ್ಮ ರಾಜ್ಮಾದಂತೆಯೇ ಕಾಣುತ್ತದೆ. ಸೌಟು ಆಡಿಸಿದರೆ ಹಂದಿಮಾಂಸ. ಗಂಬೊ ಎಂಬ ಪ್ರಸಿದ್ಧ ಸಾರಿನ ಹೆಸರು ಬಂದದ್ದು ಬೆಂಡೆಕಾಯಿಗಿರುವ ಆಫ್ರಿಕದ ಹೆಸರಿನಿಂದ. ಗುಲಾಮರಾಗಿ ಬಂದವರು ಇಲ್ಲಿ ನೆಲೆಗೊಳಿಸಿದ ತರಕಾರಿ ಅದು. ಆ ಪಾತ್ರೆಯಲ್ಲೂ ಬೆಂಡೆಕಾಯಿಗೆ ಸೀಗಡಿ ಜೊತೆ.

ಹಾಗಾಗಿ ಬೆಳಿಗ್ಗೆ ಏಳೂವರೆಗೇ ಡಿಕೇಟರ್ ಬೀದಿಯಲ್ಲಿದ್ದೆವು. ಎದುರಿಗೆ ಜಾಕ್ಸನ್ ಚೌಕ, ಅದರಾಚೆ ಸೇಂಟ್ ಲೂಯಿ ಚರ್ಚಿನ ಮೂರು ಗೋಪುರ, ಬೆನ್ನ ಹಿಂದೆ ಮಿಸಿಸಿಪಿ. ಹಸಿರು-ಬಿಳಿ ಪಟ್ಟೆಯ ಚಪ್ಪರದ ಕೆಳಗೆ 1862ರಿಂದ ನಡೆದುಬಂದ ಕೆಫೆ ಡು ಮಾಂಡ್. ಹೆಸರನ್ನು ಕನ್ನಡದಲ್ಲಿ ಲೋಕದ ಕಾಫಿಮನೆ ಎನ್ನಬಹುದು. 1942ರಿಂದ ಫರ್ನಾಂಡೀಸ್ ಕುಟುಂಬದ ಕೈಯಲ್ಲಿದೆ. ಕೋವಿಡ್‌ಗೆ ಮೊದಲು ದಿನದ 24 ಗಂಟೆಯೂ ತೆರೆದಿರುತ್ತಿತ್ತು. ಕ್ರಿಸ್‌ಮಸ್‌ಗೆ ಒಂದು ರಜೆ, ಚಂಡಮಾರುತ ತೀರಾ ಹತ್ತಿರ ಬಂದರೆ ಇನ್ನೊಂದು. 2005ರ ಕತ್ರೀನಾ ಮಾತ್ರ ಸುಮಾರು ಎರಡು ತಿಂಗಳು ಬಾಗಿಲು ಹಾಕಿಸಿತು.

ತಿನ್ನಲು ಇರುವುದು ಒಂದೇ ಪದಾರ್ಥ: ಬೆನ್ಯೇ. ಹುದುಗಿಸಿದ ಮೈದಾಹಿಟ್ಟನ್ನು ಲಟ್ಟಿಸಿ, ಚೌಕ ಕತ್ತರಿಸಿ, ಎಣ್ಣೆಗೆ ಬಿಟ್ಟರೆ ದಿಂಬಿನಂತೆ ಉಬ್ಬುತ್ತದೆ. ತಟ್ಟೆಗೆ ಮೂರು, ಮೇಲೆ ಪುಡಿಸಕ್ಕರೆಯ ಗುಡ್ಡ. ಮಂಗಳೂರು ಬನ್ಸ್‌ಗೆ ಬಾಳೆಹಣ್ಣು ತಪ್ಪಿಸಿ, ಮದುವೆಮನೆ ಚಿರೋಟಿಯ ಸಕ್ಕರೆ ಸುರಿದಂತೆ ಎಂದರೆ ಹತ್ತಿರ ಬಂದೀತು. ಕಚ್ಚುವಾಗ ಉಸಿರು ಬಿಡಬಾರದು. ನಾನು ಬಿಟ್ಟೆ, ಅಮ್ಮನ ಕಪ್ಪು ಶಾಲು ಬೆಳ್ಳಗಾಯಿತು.

ಕಾಫಿ ಬಂತು. ಗಟ್ಟಿ ಡಿಕಾಕ್ಷನ್, ಅಷ್ಟೇ ಬಿಸಿಹಾಲು. ಅಮ್ಮ ಒಂದು ಗುಟುಕು ಕುಡಿದು ಸುಮ್ಮನಾದಳು. ಇನ್ನೊಂದು ಗುಟುಕಾದ ಮೇಲೆ, “ಮದುವೆಮನೆ ಕಾಫಿ ಕಣೋ. ಅಡುಗೆಭಟ್ಟರು ಚಿಕೋರಿ ಜಾಸ್ತಿ ಹಾಕಿದ್ದಾರೆ.”

ಅಮ್ಮನ ನಾಲಗೆ ಸರಿಯಾಗಿಯೇ ಹಿಡಿದಿತ್ತು. ಚಿಕೋರಿ ಕಾಫಿಯ ಬಂಧುವಲ್ಲ, ನೀಲಿ ಹೂ ಬಿಡುವ ಒಂದು ಗಿಡದ ಬೇರು. ಕೆಫೀನ್ ಇಲ್ಲ. ಹುರಿದರೆ ಒಳಗಿನ ಸಕ್ಕರೆಯಂಶ ಕಂದಿ ಕಪ್ಪು ಬಣ್ಣ, ಕಹಿ ಎರಡೂ ಬರುತ್ತವೆ. ನೀರಿಗೆ ಕಾಫಿಗಿಂತ ಬೇಗ ಬಿಟ್ಟುಕೊಳ್ಳುವುದರಿಂದ ಡಿಕಾಕ್ಷನ್ ಮಂದವಾಗುತ್ತದೆ. ನೆಪೋಲಿಯನ್ ಕಾಲದ ವ್ಯಾಪಾರ ದಿಗ್ಬಂಧನದಲ್ಲಿ ಕಾಫಿಬೀಜ ಸಿಗದೆ ಫ್ರೆಂಚರು ಈ ಬೇರಿಗೆ ಒಗ್ಗಿಕೊಂಡರು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ನೌಕೆಗಳು ನ್ಯೂ ಆರ್ಲಿಯನ್ಸ್ ಬಂದರನ್ನು ಕಟ್ಟಿಹಾಕಿದಾಗ ಇಲ್ಲಿನವರಿಗೆ ಅದೇ ಆಸರೆಯಾಯಿತು. ಯುದ್ಧ ಮುಗಿಯಿತು, ಹಡಗುಗಳು ಬಂದವು, ಚಿಕೋರಿ ಹೋಗಲಿಲ್ಲ. ನಮ್ಮಲ್ಲಿ ಚಿಕ್ಕಮಗಳೂರಿನ ಬೀಜಕ್ಕೆ ಗುಜರಾತಿನ ಜಾಮನಗರದ ಬೇರು ಬೆರೆಯುತ್ತದೆ. ಕಾನೂನು ಶೇ 49ರವರೆಗೆ ಬಿಡುತ್ತದೆ. ‘ಪ್ಯೂರ್ ಕಾಫಿ’ಯವರು ಮೂಗು ಮುರಿಯಲಿ, ಚಿಕೋರಿಯಿಲ್ಲದ ಡಿಕಾಕ್ಷನ್ ನನಗಂತೂ ಸಪ್ಪೆ.

ಅಮ್ಮ ಇನ್ನೊಂದು ಕಪ್ ತರಿಸಿದಳು. ಲೋಟ-ಬಟ್ಟಲು ಇಲ್ಲ, ಆರಿಸಿಕೊಳ್ಳುವುದು ಹೇಗೆ ಎಂಬುದೊಂದೇ ತಕರಾರು.

ಮಾರ್ಚ್‌ನಲ್ಲಿ ಊರಿಗೆ ಹೊರಟಾಗ ಸೂಟ್‌ಕೇಸಿನಲ್ಲಿ ಎರಡು ಹಳದಿ ಡಬ್ಬ ಕಂಡವು. ಮೈಸೂರಿಗೆ ಇಲ್ಲಿಂದ ಕಾಫಿಪುಡಿಯಾ ಅಂದೆ.

“ಪುಡಿ ಯಾರಿಗೆ ಬೇಕೋ, ಖಾಲಿ ಡಬ್ಬ ಅದು. ಗಟ್ಟಿಯಾಗಿದೆ, ಹುಣಸೆಹಣ್ಣು ತುಂಬಿಡೋಕೆ” ಅಂದಳು.