ಕುದುರೆ ಅಗ್ಗ, ಹುಲ್ಲು ದುಬಾರಿ! ಪ್ರಿಂಟರ್‌ಗೆ ಶಾಯಿ ತುಂಬಿಸಬೇಕೆ, ಬೇಡವೆ?

ಬೆಳಗಿನ ಒಂಬತ್ತು ಗಂಟೆಗೆ ದಾವಣಗೆರೆ ಬಸ್ ನಿಲ್ದಾಣದ ಸುತ್ತಮುತ್ತಲ ಯಾವುದಾದರೂ ಝೆರಾಕ್ಸ್ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಜಗಳೂರು ಬಸ್ಸು ಹೊರಡಲು ಹತ್ತೇ ನಿಮಿಷ. ಪರೀಕ್ಷೆಗೆ ಹೊರಟ ಹುಡುಗಿಯೊಬ್ಬಳು ಮೊಬೈಲಿನಲ್ಲಿದ್ದ ಹಾಲ್ ಟಿಕೆಟ್ಟನ್ನು ಅಂಗಡಿಯವನಿಗೆ ಕಳಿಸುತ್ತಾಳೆ. ಯಂತ್ರ ಗೊರಗೊರ ಸದ್ದು ಮಾಡಿ ಹಾಳೆ ಉಗುಳುತ್ತದೆ. ಆಕೆಯ ಫೋಟೋದ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ! ಮುಖ ಯಾವುದು, ಹಿಂದಿನ ಗೋಡೆ ಯಾವುದು ತಿಳಿಯದು.

'ಅಣ್ಣಾ, ಇದನ್ನ ತಗೊಂಡು ಹೋದ್ರೆ ಒಳಗೆ ಬಿಡ್ತಾರಾ?'

'ತಡಿಯಮ್ಮಾ, ಹೆಡ್ ಕ್ಲೀನ್ ಮಾಡ್ತೀನಿ, ನಿನ್ನೆ ತಾನೇ ರೀಫಿಲ್ ಮಾಡಿಸೀನಿ...'

ಅತ್ತ ಕಂಡಕ್ಟರ್ ಸೀಟಿ ಊದುತ್ತಾನೆ. ಇತ್ತ ಯಂತ್ರ ಇನ್ನೂ ಬಾಯಿ ತೊಳೆದುಕೊಳ್ಳುತ್ತಿರುತ್ತದೆ. ಹುಡುಗಿಯ ಕಣ್ಣಲ್ಲಿ ನೀರು, ಅಂಗಡಿಯವನ ಹಣೆಯಲ್ಲಿ ಬೆವರು. ಇದು ಒಂದು ಊರಿನ, ಒಂದು ಅಂಗಡಿಯ ಕತೆಯಲ್ಲ. ಇಂಕ್‌ಜೆಟ್ ಪ್ರಿಂಟರ್ ಇರುವಲ್ಲೆಲ್ಲ ಒಂದಿಲ್ಲೊಂದು ದಿನ ನಡೆಯುವ ಪ್ರಸಂಗ.

ಹಾಗಾದರೆ ತಪ್ಪು ಯಾರದು? ಶಾಯಿ ತುಂಬಿಸಿದವನದೋ, ತುಂಬಿಸಿಕೊಂಡವನದೋ, ಅಥವಾ ಯಂತ್ರ ಮಾರಿದ ಕಂಪನಿಯದೋ?

ಅಂಗಡಿಯವನ ಲೆಕ್ಕ

ಅಂಗಡಿಯವನನ್ನು ಬೈಯುವ ಮೊದಲು ಅವನ ಲೆಕ್ಕವನ್ನೂ ಕೇಳಬೇಕು. ಲೆಕ್ಕದ ಅನುಕೂಲಕ್ಕೆ ಒಂದು ಕಾರ್ಟ್ರಿಜ್‌ಗೆ 900 ರೂಪಾಯಿ, ಅದರಿಂದ 150 ಪುಟ ಎಂದಿಟ್ಟುಕೊಳ್ಳಿ. ಬರೀ ಶಾಯಿಗೇ ಪುಟಕ್ಕೆ 6 ರೂಪಾಯಿ ಬಿತ್ತು. ಗಿರಾಕಿ ಕೊಡುವುದು 5 ರೂಪಾಯಿ, ಅದೂ ಚೌಕಾಶಿ ಮಾಡಿ. ಕಾಗದ, ಕರೆಂಟು, ಬಾಡಿಗೆ ಯಾರಪ್ಪನ ಮನೆಯಿಂದ ಬರಬೇಕು?

ಅದೇ ಡಬ್ಬಿಗೆ ಸಲಕ್ಕೆ 200 ರೂಪಾಯಿಯಂತೆ ಮೂರು ಸಲ ಶಾಯಿ ತುಂಬಿಸಿ, ಪ್ರತಿ ಸಲ 120 ಪುಟ ಬಂತೆನ್ನಿ. ಒಟ್ಟು ಖರ್ಚು 1,500 ರೂಪಾಯಿ, ಒಟ್ಟು ಪುಟ 510. ಪುಟಕ್ಕೆ 3 ರೂಪಾಯಿಗಿಂತ ಕೊಂಚ ಕಡಿಮೆ. ಆರು ರೂಪಾಯಿಯ ಖರ್ಚು ಮೂರಕ್ಕಿಳಿದರೆ ಯಾವ ವ್ಯಾಪಾರಿ ಬಿಟ್ಟಾನು? ರೀಫಿಲ್ ಅಂಗಡಿಯ ಮುಂದೆ ಜನ ನಿಲ್ಲುವುದು ಈ ಲೆಕ್ಕಕ್ಕೇ.

ಡಬ್ಬದ ಮೇಲೆ ಅಚ್ಚಾದ ಪುಟಗಳ ಸಂಖ್ಯೆಯನ್ನು ನಂಬಿ ಕೂತವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಆ ಸಂಖ್ಯೆ ಐಎಸ್ಒ 24711 ಎಂಬ ಮಾನಕದ ಪ್ರಕಾರ, ಗೊತ್ತುಮಾಡಿದ ಮಾದರಿ ಪುಟಗಳನ್ನು ಒಂದರ ಹಿಂದೊಂದು ಮುದ್ರಿಸಿ ಕಂಡುಕೊಂಡದ್ದು. ವಾರಕ್ಕೆ ಎರಡು ಹಾಳೆ ಹಾಕುವ ಮನೆಯ ಯಂತ್ರಕ್ಕೆ ಅಷ್ಟು ಪುಟ ಸಿಗುವುದು ಕಷ್ಟ. ಏಕೆಂದರೆ ಯಂತ್ರ ಎಚ್ಚರವಾದಾಗಲೆಲ್ಲ ತೂತುಗಳನ್ನು ತೊಳೆದುಕೊಳ್ಳಲು ಬಳಸುವುದೂ ಅದೇ ಶಾಯಿಯನ್ನು. ಹಾಗೆ ತೊಳೆದ ಶಾಯಿ ಯಂತ್ರದೊಳಗಿನ ಹೀರುವ ದಿಂಬಿಗೆ ಹೋಗಿ ಸೇರುತ್ತದೆ. ದುಡ್ಡು ಮಾತ್ರ ಮಾಲೀಕನದು!

ಸಿರಿಂಜಿನಿಂದ ಹುಟ್ಟಿದ ವಿದ್ಯೆ

ಈ ವಿದ್ಯೆ ಹುಟ್ಟಿದ ಕತೆಯೂ ಸ್ವಾರಸ್ಯವಾಗಿದೆ. ಜಪಾನಿನ ಕ್ಯಾನನ್ ಕಂಪನಿ ಹೇಳುವಂತೆ, 1977ರಲ್ಲಿ ಅಲ್ಲಿನ ಸಂಶೋಧಕರೊಬ್ಬರ ಪ್ರಯೋಗದ ವೇಳೆ ಕಾದ ಬೆಸುಗೆ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬಿಸಿ ತಾಗಿದರೆ ಶಾಯಿ ಹಾರುತ್ತದೆ ಎಂಬ ಈ ಗುಟ್ಟೇ ಮುಂದೆ 'ಬಬಲ್ ಜೆಟ್' ಆಯಿತು. ಅಮೆರಿಕದ ಎಚ್‌ಪಿ ಕಂಪನಿಯೂ ತನ್ನದೇ ದಾರಿಯಲ್ಲಿ ಅದೇ ಗುಟ್ಟನ್ನು ಕಂಡುಕೊಂಡು 1984ರಲ್ಲಿ 'ಥಿಂಕ್‌ಜೆಟ್' ಯಂತ್ರ ತಂದಿತು. ಸಿರಿಂಜಿನಿಂದ ಹುಟ್ಟಿದ ವಿದ್ಯೆಗೆ ಇಂದು ರೀಫಿಲ್ ಹುಡುಗ ಸಿರಿಂಜಿನಿಂದಲೇ ಜೀವ ತುಂಬುತ್ತಿದ್ದಾನೆ!

1988ರಲ್ಲಿ ಎಚ್‌ಪಿಯ ಮೊದಲ 'ಡೆಸ್ಕ್‌ಜೆಟ್' ಬಂದಾಗ ಬೆಲೆ ಸುಮಾರು 1,000 ಡಾಲರ್. ವರ್ಷ ಕಳೆದಂತೆ ಯಂತ್ರದ ಬೆಲೆ ಇಳಿಯಿತು, ಶಾಯಿಯ ಬೆಲೆ ಗಟ್ಟಿಯಾಗಿ ನಿಂತಿತು. ಯಂತ್ರವನ್ನು ಅಗ್ಗಕ್ಕೆ ಮನೆಗೆ ಸೇರಿಸಿ ಶಾಯಿಯಲ್ಲಿ ಲಾಭ ಎತ್ತುವುದು ಈ ವ್ಯಾಪಾರದ ರೀತಿ. ಕುದುರೆಯನ್ನು ಕಡಿಮೆ ಬೆಲೆಗೆ ಕೊಟ್ಟು, 'ನಮ್ಮ ಅಂಗಡಿ ಹುಲ್ಲನ್ನೇ ಹಾಕಬೇಕು' ಎಂದಂತೆ. ಕೆಲವು ಸಣ್ಣ ಕಾರ್ಟ್ರಿಜ್‌ಗಳಲ್ಲಿ ಇರುವ ಶಾಯಿ ಒಂದೆರಡು ಟೀ ಚಮಚದಷ್ಟು ಮಾತ್ರ.

ತಲೆ ಇರುವ ಡಬ್ಬಿ, ತಲೆ ಇಲ್ಲದ ಡಬ್ಬಿ

ರೀಫಿಲ್ ಮಾಡಿಸುವ ಮೊದಲು ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಕಾರ್ಟ್ರಿಜ್‌ಗಳಲ್ಲಿ ಎರಡು ಜಾತಿ.

ಮೊದಲನೆಯದು ತಲೆ ಇರುವ ಡಬ್ಬಿ. ಎಚ್‌ಪಿ 680, ಎಚ್‌ಪಿ 803, ಕ್ಯಾನನ್ 745 ಇಂಥವು. ಡಬ್ಬಿಯ ಬೆನ್ನಿಗೆ ತಾಮ್ರದ ಬಣ್ಣದ ಚುಕ್ಕೆಗಳ ಪಟ್ಟಿ ಇರುತ್ತದೆ, ಅಡಿಯಲ್ಲಿ ಹೊಳೆಯುವ ಸಣ್ಣ ಫಲಕ. ಆ ಫಲಕದಲ್ಲಿ ಕೂದಲಿಗಿಂತ ಸಣ್ಣ ತೂತುಗಳು, ಒಂದೊಂದರ ಹಿಂದೆ ಒಂದೊಂದು ಪುಟ್ಟ ಹೀಟರ್. ಕಣ್ಣು ಮಿಟುಕಿಸುವುದರೊಳಗೆ ಅದು ಸಾವಿರಾರು ಸಲ ಕಾದು ಆರಿ ಶಾಯಿಯ ಹನಿಗಳನ್ನು ಚಿಮ್ಮಿಸುತ್ತದೆ. ಈ ಡಬ್ಬಿ ಕೆಟ್ಟರೆ ಹೊಸ ಡಬ್ಬಿ ತಂದರಾಯಿತು, ಯಂತ್ರ ಉಳಿಯುತ್ತದೆ. ಇದನ್ನು ತುಂಬಿಸಿ ನೋಡಲು ಹೆದರಬೇಕಿಲ್ಲ.

ಎರಡನೆಯದು ಬರೀ ಶಾಯಿಯ ಡಬ್ಬಿ. ತಲೆ ಯಂತ್ರದೊಳಗೇ ಕಾಯಂ ಕೂತಿರುತ್ತದೆ. ಎಪ್ಸನ್ ಯಂತ್ರಗಳು ಈ ಬಗೆಯವು. ಇಲ್ಲಿ ಕಳಪೆ ಶಾಯಿ ಹಾಕಿ ತೂತು ಕಟ್ಟಿಕೊಂಡರೆ ಡಬ್ಬಿ ಬಿಸಾಕಿ ಪಾರಾಗುವಂತಿಲ್ಲ, ಯಂತ್ರದ ತಲೆಗೇ ಬರುತ್ತದೆ. ಇಂಥ ಯಂತ್ರಕ್ಕೆ ಹೇಳಿದ ಶಾಯಿಯನ್ನೇ ಹಾಕಬೇಕು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದಂತಾಗಬಾರದು.

ಎಡವುವುದು ಎಲ್ಲಿ?

ರೀಫಿಲ್ ಕೆಟ್ಟಿತು ಎನ್ನುವವರಲ್ಲಿ ಅನೇಕರು ತುಂಬಿಸುವ ಮೊದಲೇ ಕೆಡಿಸಿಕೊಂಡಿರುತ್ತಾರೆ. ಅಕ್ಷರ ಮಸುಕಾದರೂ 'ಇನ್ನೊಂದು ನಾಲ್ಕು ಹಾಳೆ ಬರಲಿ' ಎಂದು ಹಿಂಡುತ್ತಾರೆ. ಪುಟ್ಟ ಹೀಟರ್‌ಗಳಿಗೆ ಶಾಯಿಯೇ ತಂಪು. ಶಾಯಿ ಇಲ್ಲದೆ ಕಾದರೆ ಅವು ಸುಟ್ಟುಹೋಗುತ್ತವೆ. ನೀರಿಲ್ಲದ ಪಾತ್ರೆ ಒಲೆಯ ಮೇಲಿಟ್ಟಂತೆ. ಆಮೇಲೆ ಲೀಟರ್‌ಗಟ್ಟಲೆ ಶಾಯಿ ಹಾಕಿದರೂ ಆ ಬಿಳಿ ಪಟ್ಟೆ ಹೋಗದು. ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ ತುಂಬಿಸಬೇಕು.

ಎರಡನೆಯ ತಪ್ಪು, ಖಾಲಿ ಡಬ್ಬಿಯನ್ನು ತಿಂಗಳುಗಟ್ಟಲೆ ಮೇಜಿನ ಖಾನೆಯಲ್ಲಿ ಒಣಗಿಸಿ ಆಮೇಲೆ ತರುವುದು. ಒಳಗಿನ ಸ್ಪಂಜೂ ಒಣಗಿ, ತೂತುಗಳಲ್ಲಿ ಶಾಯಿ ಹೆಪ್ಪುಗಟ್ಟಿರುತ್ತದೆ.

ಮೂರನೆಯದು ತುಂಬಿಸುವವನ ಅವಸರ. ಬಣ್ಣದ ಡಬ್ಬಿಯಲ್ಲಿ ನೀಲಿ, ಕೆಂಪು, ಹಳದಿಗೆ ಮೂರು ಕೋಣೆ. ಯಾವ ಕೋಣೆ ಎಲ್ಲಿದೆ ಎಂಬುದು ಮಾಡಲ್‌ನಿಂದ ಮಾಡಲ್‌ಗೆ ಬೇರೆ. ಸೂಜಿ ತಪ್ಪಿತೋ, ಮದುಮಗಳ ಫೋಟೋ ಹಸಿರು! ಸ್ಪಂಜು ಹಿಡಿಯುವುದಕ್ಕಿಂತ ಹೆಚ್ಚು ತುಂಬಿದರೆ ಶಾಯಿ ಸೋರಿ ಯಂತ್ರದ ಹೊಟ್ಟೆಯೆಲ್ಲ ಕಪ್ಪು. ಒಳ್ಳೆಯ ಕೈ ನಿಧಾನವಾಗಿ ತುಂಬುತ್ತದೆ, ಒರೆಸುತ್ತದೆ, ಗಿರಾಕಿಯ ಮುಂದೆಯೇ ಒಂದು ಹಾಳೆ ತೆಗೆದು ತೋರಿಸುತ್ತದೆ. ತೋರಿಸದವನ ಹತ್ತಿರ ತುಂಬಿಸಬೇಡಿ.

ತುಂಬಿಸಿದ ಮೇಲೂ ಕಂಪ್ಯೂಟರ್ 'ಶಾಯಿ ಮುಗಿದಿದೆ' ಎಂದೇ ಕೂಗಬಹುದು. ಗಾಬರಿ ಬೇಡ. ಅನೇಕ ಡಬ್ಬಿಗಳು ಒಳಗೆ ಇಣುಕಿ ನೋಡುವುದಿಲ್ಲ, ಚಿಮ್ಮಿಸಿದ ಹನಿಗಳ ಲೆಕ್ಕ ಇಡುತ್ತವೆ ಅಷ್ಟೆ. ಬಹಳ ಯಂತ್ರಗಳಲ್ಲಿ 'ಓಕೆ' ಒತ್ತಿ ಮುಂದುವರಿಯಬಹುದು.

'ನಮ್ಮದಲ್ಲ, ಓಡಿಸುವುದಿಲ್ಲ!'

ಎಲ್ಲ ಯಂತ್ರಗಳೂ ಇಷ್ಟು ಸಾಧುವಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಹಲವು ದೇಶಗಳಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಯಂತ್ರಗಳು, ನಿನ್ನೆವರೆಗೆ ಒಪ್ಪಿಕೊಂಡಿದ್ದ ಬೇರೆ ಕಂಪನಿಗಳ ಡಬ್ಬಿಗಳನ್ನು ಇದ್ದಕ್ಕಿದ್ದಂತೆ ತಿರಸ್ಕರಿಸಿದವು. ಒಳಗಿನ ತಂತ್ರಾಂಶದಲ್ಲೇ ಆ ಬೀಗ ಇತ್ತು. ಗಲಾಟೆಯಾಯಿತು, ಕಂಪನಿ ಕ್ಷಮೆ ಕೇಳಿತು. ಇಂಥ ನಿರ್ಬಂಧಗಳನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕಿತು.

ಅಮೆರಿಕದಲ್ಲಿ ಲೆಕ್ಸ್‌ಮಾರ್ಕ್ ಕಂಪನಿ, ತನ್ನ ಖಾಲಿ ಟೋನರ್ ಡಬ್ಬಿಗಳನ್ನು ತುಂಬಿಸಿ ಮಾರುತ್ತಿದ್ದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯ ಮೇಲೆ ದಾವೆ ಹೂಡಿತ್ತು. 2017ರ ಮೇ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ ಸಣ್ಣವನ ಪರ ತೀರ್ಪಿತ್ತಿತು. ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಅಲ್ಲಿಗೆ ಮುಗಿಯಿತು ಎಂಬುದು ತೀರ್ಪಿನ ತಿರುಳು. ಅದು ಆ ದೇಶದ ಕಾನೂನು. ಆದರೂ ದುಡ್ಡು ಕೊಟ್ಟು ತಂದದ್ದು ತಂದವನದೇ ಎಂಬ ನ್ಯಾಯ ಎಲ್ಲಿಯವರಿಗೂ ಅರ್ಥವಾಗುವಂಥದು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ನ ಬಗ್ಗೆ 2022ರ ಜುಲೈನಲ್ಲಿ ಸಮಿತಿ ರಚಿಸಿತು.

ಒಂದು ಕಾಲಕ್ಕೆ ಶಾಲೆ ಪಕ್ಕದ ಅಂಗಡಿಯಲ್ಲಿ ಪುಡಿಗಾಸು ಕೊಟ್ಟು ಪೆನ್ನಿಗೆ ಶಾಯಿ ಹಾಕಿಸಿಕೊಂಡ ಜನ ನಾವು. ಪೆನ್ನಿನ ಕಂಪನಿ ಬಂದು 'ನಮ್ಮ ಶಾಯಿಯನ್ನೇ ಹಾಕು' ಎಂದು ಕೈ ಹಿಡಿಯಲಿಲ್ಲ. ತುಂಬಿಸುವುದು ತಪ್ಪಲ್ಲ. ಆದರೆ ತುಂಬಿಸಿದ ಡಬ್ಬಿಯನ್ನು ಹೊಸ ಪೆಟ್ಟಿಗೆಗೆ ಹಾಕಿ 'ಒರಿಜಿನಲ್' ಎಂದು ಮಾರುವುದು ಶುದ್ಧ ಮೋಸ. ಬಿಲ್ಲು ಕೊಡದೆ, ಅರ್ಧ ಬೆಲೆಗೆ 'ಒರಿಜಿನಲ್' ಕೊಡುವವರ ಬಗ್ಗೆ ಹುಷಾರು.

ಮಳೆಗಾಲದ ಪರೀಕ್ಷೆ

ಹಾಳೆ ಚೆನ್ನಾಗಿ ಬಂತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊನ್ನಾಳಿ ಬಸ್ಸಿಳಿದು ಮಳೆಯಲ್ಲಿ ಬ್ಯಾಂಕಿಗೆ ಹೋಗುವ ರೈತನ ಜೇಬಿನಲ್ಲಿ ಪಹಣಿ ಇರುತ್ತದೆ. ಶಾಯಿಯಲ್ಲೂ ಎರಡು ಬಗೆ. 'ಡೈ' ಶಾಯಿ ನೀರಿನಲ್ಲಿ ಕರಗಿದ ಬಣ್ಣ, ಒದ್ದೆಯಾದರೆ ಹರಡಿಕೊಳ್ಳುತ್ತದೆ. 'ಪಿಗ್ಮೆಂಟ್' ಶಾಯಿಯಲ್ಲಿ ಬಣ್ಣದ ಪುಡಿ ತೇಲುತ್ತಿರುತ್ತದೆ, ಒಣಗಿದ ಮೇಲೆ ಕಾಗದ ಹಿಡಿದು ಕೂರುತ್ತದೆ. ಕಂಪನಿಯ ಕಪ್ಪು ಡಬ್ಬಿಯಲ್ಲಿ ಅನೇಕ ಸಲ ಪಿಗ್ಮೆಂಟ್ ಇರುತ್ತದೆ. ರೀಫಿಲ್ ಹುಡುಗ ಅದಕ್ಕೆ ಅಗ್ಗದ ಡೈ ಶಾಯಿ ತುಂಬಿದರೆ ಕಣ್ಣಿಗೆ ಎರಡೂ ಒಂದೇ ಕಪ್ಪು. ಬಣ್ಣ ಬಯಲಾಗುವುದು ಮಳೆ ಬಂದಾಗ. ಸರ್ವೆ ನಂಬರು ಅಳಿಸಿದ ಕಾಗದ ನೋಡಿ ಬ್ಯಾಂಕಿನವರು 'ಬೇರೆ ತಗೊಂಬಾ' ಎಂದರೆ ರೈತನಿಗೆ ಒಂದು ದಿನದ ಕೆಲಸ ಹೋಯಿತು, ಬಸ್ ಚಾರ್ಜೂ ಹೋಯಿತು. ಮೂರು ರೂಪಾಯಿ ಉಳಿತಾಯದ ಬೆಲೆ ಕಟ್ಟಿದವನು ಅಂಗಡಿಯವನಲ್ಲ, ಗಿರಾಕಿ!

ಲೇಸರ್ ಯಂತ್ರದ್ದು ಪ್ಲಾಸ್ಟಿಕ್ ಬೆರೆತ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಕೆಲಸ. ನೀರು ಬಿದ್ದರೂ ಅಕ್ಷರ ಹರಡುವುದಿಲ್ಲ. ಹಾಲ್ ಟಿಕೆಟ್ಟು, ಪಹಣಿ, ಕರಾರು ಪತ್ರಗಳಿಗೆ ಅದೇ ವಾಸಿ.

ಹಾಗಾದರೆ ಯಾರು ಏನು ಮಾಡಬೇಕು?

ಮನೆಯಲ್ಲಿ ಮಕ್ಕಳ ಪಾಠ, ಪ್ರಾಜೆಕ್ಟು ಎಂದು ತಿಂಗಳಿಗೆ ಐವತ್ತು ಹಾಳೆ ಹಾಕುವವರು, ತಲೆ ಇರುವ ಡಬ್ಬಿಯಾದರೆ ಧಾರಾಳವಾಗಿ ತುಂಬಿಸಬಹುದು. ಎರಡು, ಮೂರು ಸಲ ಚೆನ್ನಾಗಿ ಬಂದರೆ ಗೆದ್ದಂತೆ. ಆಮೇಲೆ ಪಟ್ಟೆ ಬಿದ್ದರೆ ಹಟ ಹಿಡಿಯದೆ ಹೊಸದು ತರಬೇಕು. ವಾರಕ್ಕೊಮ್ಮೆ ಒಂದು ಬಣ್ಣದ ಹಾಳೆ ತೆಗೆಯುತ್ತಿದ್ದರೆ ತೂತು ಕಟ್ಟುವುದು ಕಡಿಮೆ.

ತಿಂಗಳಿಗೆ ಎರಡೇ ಹಾಳೆ ಹಾಕುವವರಿಗೆ ಯಂತ್ರವೇ ದಂಡ. ಅಂಗಡಿಗೆ ಹೋಗಿ ಐದು ರೂಪಾಯಿ ಕೊಟ್ಟು ಬಂದರೆ ಅದೇ ಲಾಭ.

ದಿನಕ್ಕೆ ಐವತ್ತು, ನೂರು ಹಾಳೆ ತೆಗೆಯುವ ಅಂಗಡಿಯವರು ಸಣ್ಣ ಡಬ್ಬಿಯ ಸಹವಾಸವನ್ನೇ ಬಿಡುವುದು ಒಳ್ಳೆಯದು. ಇಂಥವರಿಗಾಗಿಯೇ ಎಪ್ಸನ್ ಕಂಪನಿ 2010ರಲ್ಲಿ ಮೊದಲು ಇಂಡೋನೇಷ್ಯಾದಲ್ಲಿ ತೊಟ್ಟಿ ಇರುವ ಯಂತ್ರ ಇಳಿಸಿತು. ಅಲ್ಲಿನ ಜನ ತಾವೇ ಕೊಳವೆ ಸಿಕ್ಕಿಸಿ ಹೊರಗಿನ ಶಾಯಿ ಹರಿಸುತ್ತಿದ್ದುದನ್ನು ನೋಡಿ ಕಂಪನಿ ಬುದ್ಧಿ ಕಲಿತಿತ್ತು! ಬಾಟಲಿಯಿಂದ ಸುರಿಯುವ ಈ ಪದ್ಧತಿಯನ್ನು ಈಗ ಉಳಿದ ಕಂಪನಿಗಳೂ ಅನುಸರಿಸುತ್ತಿವೆ. ಎಪ್ಸನ್‌ನ 664 ಎಂಬ 70 ಎಂ.ಎಲ್. ಕಪ್ಪು ಬಾಟಲಿಗೆ ಕಂಪನಿ ಹೇಳುವ ಲೆಕ್ಕ ಸುಮಾರು 4,000 ಪುಟ. ಯಂತ್ರಕ್ಕೆ ಮೊದಲು ಹೆಚ್ಚು ದುಡ್ಡು ಬೇಕು, ಪುಟಕ್ಕೆ ಬೀಳುವುದು ಪೈಸೆಗಳ ಲೆಕ್ಕ. ಪಕ್ಕದಲ್ಲಿ ಕಪ್ಪು ಬಿಳುಪಿನ ಲೇಸರ್ ಒಂದಿದ್ದರೆ ಅಂಗಡಿಗೆ ಎರಡು ಕೈ ಇದ್ದಂತೆ.

ಸತ್ತ ಡಬ್ಬಿಯನ್ನು ಚರಂಡಿಗೆ ಎಸೆಯಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆ ಕಾರ್ಟ್ರಿಜ್ ಕೂಡ ಸೇರಿದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇನ್ನು ಆ ಹಾಲ್ ಟಿಕೆಟ್ಟಿನ ಹುಡುಗಿ. ಅಂಗಡಿಯವನಿಗೆ ಕೊನೆಗೆ ಬುದ್ಧಿ ಹೊಳೆದರೆ ಪಕ್ಕದ ಅಂಗಡಿಯ ಲೇಸರ್ ಯಂತ್ರಕ್ಕೆ ಓಡುತ್ತಾನೆ, 'ದುಡ್ಡು ಬ್ಯಾಡ, ಹೋಗಮ್ಮಾ, ಬಸ್ಸು ಹಿಡಿ' ಎನ್ನುತ್ತಾನೆ. ಹೊಳೆಯದಿದ್ದರೆ ಆಕೆ ಬಿಳಿ ಪಟ್ಟೆಯ ಹಾಳೆಯನ್ನೇ ಎದೆಗವಚಿಕೊಂಡು ಬಸ್ ಹತ್ತುತ್ತಾಳೆ. ಆದ್ದರಿಂದ ಬಸ್ ಹಿಡಿಯುವ ಅವಸರದಲ್ಲೂ ಗಿರಾಕಿ ಒಂದು ಮಾತು ಕೇಳಿಬಿಡುವುದು ಒಳ್ಳೆಯದು: 'ಯಜಮಾನ್ರೇ, ಇದು ನೀರು ಬಿದ್ರೆ ಅಳಿಸುತ್ತಾ?' ಅಂಗಡಿಯವರು ನಿಜ ಹೇಳಿದರೆ, ರೀಫಿಲ್ ಇಂಕಿನ ಅಂಗಡಿಯಾದರೂ ಗಿರಾಕಿ ನಾಳೆ ಅಲ್ಲಿಗೇ ಬರುತ್ತಾನೆ.